ಮಲಗುವ ಮದ್ದು

"ಏನೇ ಲೌಡಿ, ಹಸೀನ ಕಿವಿ ಮುಟ್ಟುದ್ರೆ ನಿನ್ ಬೆಳ್ಳು ಸವ್ದೋಯ್ತದಾ? ಉಣ್ಣೆ ನೆಟ್ಟಗೆ ಕೀಳೇ! ಮೂತಿ ಒಳಗೇ ಉಳ್ಕಂಡ್ರೆ ಕಿವಿ ಬಾತ್ಕಂತದೆ. ಹಸ ಮೇವು ಬಿಡ್ತು ಅನ್ನು, ಆಗ ನಿಮ್ಮಪ್ಪ ಕೊಡ್ತಾನಾ ಹಾಲು?"

ಮೇಸ್ತ್ರಿ ಸೊಣ್ಣಪ್ಪ ಕೊಟ್ಟಿಗೆಯ ಕಂಬಕ್ಕೆ ಒರಗಿಕೊಂಡು, ಬೀಡಿಯನ್ನು ಬಾಯಿಂದ ತೆಗೆಯದೆಯೇ ಬಯ್ಯುತ್ತಿದ್ದ. ಅಕ್ಕಯಮ್ಮ ತಲೆ ಎತ್ತಲಿಲ್ಲ. ಹಸುವಿನ ಕಿವಿಯೊಳಗೆ ರಕ್ತ ಹೀರಿ ಹೆಸರುಕಾಳಿನಷ್ಟು ದಪ್ಪಗಾಗಿ ಕಚ್ಚಿಕೊಂಡಿದ್ದ ಉಣ್ಣೆಯನ್ನು ಹಿಡಿಯಲು ಅವಳ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಸೇರುತ್ತಲೇ ಇರಲಿಲ್ಲ. ಹೊಸೂರಿನಾಚೆಯ ತಳಿ ಸೀಮೆಯ ಚಳಿಗೆ ಬೆಳಗಿನ ಹೊತ್ತು ಗೆಣ್ಣುಗಳು ಮರಗಟ್ಟಿಬಿಡುತ್ತಿದ್ದವು. ಬಿಸಿಲು ಏರಿದ ಮೇಲೆಯೇ ಅವು ಅವಳ ಮಾತು ಕೇಳುವುದು. ಎರಡು ಕೈಯನ್ನೂ ಸೇರಿಸಿ ಹೇಗೋ ಕಿತ್ತಳು. ಉಣ್ಣೆ ಸೀಮೆಎಣ್ಣೆಯ ಡಬ್ಬಿಗೆ ಬೀಳುವ ಬದಲು ಉಗುರಿನ ಸಂದಿಯಲ್ಲೇ ಒಡೆದು, ರಕ್ತ ಮುಂಗೈಗೆ ಇಳಿಯಿತು. ಸೆರಗಿಗೆ ಒರೆಸಿಕೊಂಡಳು.

"ಕೈ ಏಳ್ತಿಲ್ಲ ಕಣಣ್ಣ. ರಾತ್ರಿಯೆಲ್ಲಾ ಜ್ವರ. ಮೈ ಮುರ್ದಾಕ್ದಂಗೆ ಆಗೈತೆ."

"ಉಣ್ಣೋವಾಗ ಏಳ್ತದಾ ಕೈ?"

"ಉಣ್ಣಕ್ಕಿದ್ರೆ ತಾನೇ ಏಳೋದು."

ಸೊಣ್ಣಪ್ಪ ಡಬ್ಬಿಗೆ ಜಾಡಿಸಿ ಒದ್ದ. ಸೀಮೆಎಣ್ಣೆ, ಅದರಲ್ಲಿ ತೇಲುತ್ತಿದ್ದ ಉಣ್ಣೆಗಳು ಎಲ್ಲವೂ ಅವಳ ಕಾಲಮೇಲೆ ಚೆಲ್ಲಿದವು. "ಬಾಯಿ ಮಾತ್ರ ಚೆನ್ನಾಗಿ ಏಳ್ತದೆ ಮುಂಡೇದು," ಎಂದು ಬೀಡಿ ಎಸೆದು ಹೋದ. ಅಕ್ಕಯಮ್ಮ ಕೂತಲ್ಲೇ ಕೂತು, ಇನ್ನೂ ಕಾಲಾಡಿಸುತ್ತಿದ್ದ ಒಂದೊಂದನ್ನೂ ಆರಿಸಿ ಮತ್ತೆ ಡಬ್ಬಿಗೆ ಹಾಕಿದಳು.

ತೋಟದ ಒಡೆಯ ಹಯಗ್ರೀವ ಡಾಕ್ಟರರ ಹಸುಗಳು ನಾಟಿ ಹಸುಗಳಲ್ಲ, ಸೀಮೆ ಹಸುಗಳು. ಆ ತೆಳು ಚರ್ಮ ಉಣ್ಣೆಗಳಿಗೆ ಹಬ್ಬದೂಟ. ಆ ಹಸುಗಳ ಹಾಲು, ತುಪ್ಪವೆಲ್ಲ ತೋಟದ ಆ ಬದಿಯ ಹೆಂಚಿನ ಮನೆಗೆ ಹೋಗುತ್ತಿತ್ತು. ಅದರ ಬಾಗಿಲ ಮೇಲೆ 'ಸಮನ್ವಯ ಆರೋಗ್ಯಧಾಮ' ಎಂದು ಬೋರ್ಡಿತ್ತು. ಡಾಕ್ಟರರು ಇಂಗ್ಲಿಷ್ ವೈದ್ಯವನ್ನೂ ಕಲಿತವರು, ಮನೆತನದ ಆಯುರ್ವೇದವನ್ನೂ ಬಿಡದವರು. ಕೊರಳಲ್ಲಿ ಸ್ಟೆತಾಸ್ಕೋಪು, ಹಣೆಯಲ್ಲಿ ನಾಮ. ಹೊಸೂರಿನ ಅನುಕೂಲಸ್ಥರು ಅಲ್ಲಿಗೆ ಬಂದು ಎಣ್ಣೆ ತಿಕ್ಕಿಸಿಕೊಂಡು, ಗಂಜಿ ಕುಡಿದು, ಮೈ ಹಗುರ ಮಾಡಿಕೊಂಡು ಹೋಗುತ್ತಿದ್ದರು.

ಉಣ್ಣೆ ಕೀಳುವವರಿಗೆ ಬರುವ ಜ್ವರಕ್ಕೆ ಆಳುಗಳ ಹಟ್ಟಿಯಲ್ಲಿ ಉಣ್ಣೆ ಜ್ವರ ಅನ್ನುತ್ತಿದ್ದರು. ಬಂದಾಗ ಮೈಮೇಲೆ ಕೆಂಪಗೆ ಏಳುತ್ತಿತ್ತು. ಹೋದರೂ ಪೂರ್ತಿ ಹೋಗದೆ ಮಂಡಿಯಲ್ಲಿ, ಗೆಣ್ಣಿನಲ್ಲಿ ಅವಿತು ಕೂತು ಬೇಕಾದಾಗ ಎದ್ದು ಬರುತ್ತಿತ್ತು. ಅಕ್ಕಯಮ್ಮನಿಗೆ ಅದು ವರ್ಷಗಳಿಂದ ಅಂಟಿಕೊಂಡಿತ್ತು. ಅವಳಿಗೆ ಬೇಕಾಗಿದ್ದುದು ಒಂದೇ, ಮಲಗುವುದು. ರಾತ್ರಿ ಯಾರಾದರೂ ಮಲಗುತ್ತಾರೆ. ಅವಳಿಗೆ ಬೇಕಿದ್ದುದು ಹಾಡಹಗಲೇ, ಯಾರೂ ಬಂದು ಏಳು ಅನ್ನದ ಹಾಗೆ, ಮೈಯಲ್ಲಿನ ನೋವು ಇಳಿದು ಹೋಗುವವರೆಗೆ ಮಲಗುವುದು. ಆದರೆ ಹಟ್ಟಿಯ ಗುಡಿಸಲುಗಳೆಲ್ಲ ನಿಂತಿದ್ದುದು ತೋಟದ ಜಾಗದಲ್ಲಿ. ಹೋದ ಮಳೆಗಾಲ ಜ್ವರವೆಂದು ಮಲಗಿದ್ದಾಗ ಸೊಣ್ಣಪ್ಪ ಆಳುಗಳನ್ನು ಕರೆತಂದು ಚಾವಣಿಯ ಹುಲ್ಲು ಕೀಳಿಸಿದ್ದ. ನೆನೆಯುತ್ತಾ ಎಷ್ಟು ಹೊತ್ತು ಮಲಗುವುದು? ಎದ್ದು ಕೊಟ್ಟಿಗೆಗೆ ಬಂದಿದ್ದಳು.

ಅದೇ ಜ್ವರ ಜಲಜಮ್ಮನವರಿಗೆ ಬಂದಾಗ ಮಾತ್ರ ಧಾಮವೇ ತುದಿಗಾಲಲ್ಲಿ ನಿಂತಿತು. ಜಲಜಮ್ಮ ನರಗಳಿಗೆ ಆರಾಮ ಬೇಕೆಂದು ಹೊಸೂರಿನಿಂದ ಬಂದವರು, ರಿಟೈರಾದ ಹೆಡ್‌ಮಾಸ್ಟರರ ಹೆಂಡತಿ. ಜೊತೆಗೊಂದು ಬಿಳಿ ನಾಯಿ. ನಾಯಿ ತೋಟವೆಲ್ಲ ಅಲೆದು ಬಂದು ಅವರ ಮಡಿಲಲ್ಲಿ ಮಲಗಿತು, ಉಣ್ಣೆ ಅವರ ಕತ್ತಿಗೆ ಹತ್ತಿತು. ಜಗಲಿಯ ಮೇಲೆ ಅವರಿಗೆ ಮಂಚ ಹಾಕಿ ಬಿಳಿ ಹಾಸು ಹಾಸಿದರು. ಡಾಕ್ಟರರು ಪಕ್ಕದಲ್ಲೇ ಕುರ್ಚಿ ಎಳೆದು ಕೂತರು. ಕೆಳಗೆ ಅಂಗಳದಲ್ಲಿ ಅಕ್ಕಯಮ್ಮ ಆ ನಾಯಿಯ ಉಣ್ಣೆ ಆರಿಸುತ್ತಿದ್ದಳು.

"ಎರಡೂ ಪದ್ಧತಿ ಸೇರಿಸಿ ಕೊಡ್ತೀನಿ ಜಲಜಮ್ಮನೋರೇ," ಅನ್ನುತ್ತಿದ್ದರು ಡಾಕ್ಟರರು. "ಮಾತ್ರೆ ಜ್ವರಾನ ಕೊಲ್ಲತ್ತೆ, ಕಷಾಯ ಮೈ ಕಟ್ಟತ್ತೆ, ಎಣ್ಣೆ ಕೀಲು ಬಿಡಿಸತ್ತೆ. ಆದ್ರೆ ಎಲ್ಲಕ್ಕಿಂತ ದೊಡ್ಡ ಮದ್ದು ಮಲಗೋದು. ಕೈಕಾಲು ಆಡಿಸಿದ್ರೋ, ಈ ರೋಗ ಮೂಳೆಗಿಳಿದು ಜನ್ಮಪೂರ್ತಿ ಕಾಡತ್ತೆ. ನೀರು ಬೇಕಾದ್ರೂ ನೀವಾಗಿ ಏಳಕೂಡದು."

"ಪಾಪ, ಆ ಹೆಂಗಸಿಗೂ ಇದೇ ಜ್ವರವಂತಲ್ಲ," ಎಂದರು ಜಲಜಮ್ಮ ಅಂಗಳದ ಕಡೆ ನೋಡಿ.

"ಅವರ ಶರೀರ ಪ್ರಕೃತಿಯೇ ಬೇರೆ. ದುಡಿಮೆನೇ ಅವರಿಗೆ ಔಷಧಿ. ಮಲಗಿಸಿದ್ರೆ ಕೊಬ್ಬಿ ಕೆಡ್ತಾರೆ."

ಅಕ್ಕಯಮ್ಮ ನಾಯಿಯನ್ನು ಬಿಟ್ಟು ಎದ್ದು ನಿಂತಳು. "ಸಾಮಿ, ನಂಗೂ ಆ ಮಾತ್ರೆ ಕೊಡಿ. ಒಸಿ ದಿನ ಮಲೀಕ್ಕಂತೀನಿ, ಮೇಸ್ತ್ರಿಗೆ ಹೇಳಿ ಸಾಮಿ."

ಡಾಕ್ಟರರು ನಕ್ಕರು. ಜಲಜಮ್ಮನವರಿಗೆ ಕಷಾಯ ಸೋಸಿ ಉಳಿದ ಚರಟವನ್ನು ಇನ್ನೊಮ್ಮೆ ಕುದಿಸಿ ಕೊಡಲು ಹೇಳಿದರು. ಅಡಿಗೆಯವನು ಮೇಲಿನ ಮೆಟ್ಟಿಲಲ್ಲಿ ನಿಂತು ಅವಳ ತೆಂಗಿನ ಚಿಪ್ಪಿಗೆ ಅದನ್ನು ಹುಯ್ದ. ಮಾತ್ರೆಯ ಒಂದು ಪೊಟ್ಟಣವನ್ನು ಡಾಕ್ಟರರೇ ಎಸೆದರು. ಅದು ನಾಯಿಯ ಪಕ್ಕ ಮಣ್ಣಿನಲ್ಲಿ ಬಿತ್ತು, ಅವಳು ಎತ್ತಿಕೊಂಡಳು.

ಮಾತ್ರೆ ಸುಳ್ಳಾಗಲಿಲ್ಲ. ಜ್ವರ ಇಳಿಯಿತು, ಹಲ್ಲು ಕಚ್ಚಿದರೆ ಕೈ ತಲೆಯವರೆಗೂ ಏಳುತ್ತಿತ್ತು. ಪೊಟ್ಟಣ ಮುಗಿದ ಮೇಲೆ ಮತ್ತೊಂದು ಬರಲಿಲ್ಲ, ಕರೆ ಮಾತ್ರ ಬಂತು. ಭಾನುವಾರ ಧಾಮ ನೋಡಲು ಬಂದವರ ಮುಂದೆ ಅಂಗಳದಲ್ಲಿ ಅವಳನ್ನು ನಿಲ್ಲಿಸಿದರು. ಡಾಕ್ಟರರು ಕೈಕೋಲಿನ ತುದಿಯಿಂದ ಅವಳ ಭುಜ, ಮೊಣಕೈ, ಮಂಡಿ ತೋರಿಸುತ್ತಾ, "ಈ ಹೆಂಗಸು ನೆಲ ಹಿಡಿದು ಬಿದ್ದಿದ್ದಳು. ಈಗ ನೋಡಿ. ಎತ್ತೇ ಕೈ," ಎಂದರು. ಬಿದ್ದಿದ್ದೆನಾ? ಬೀಳಲು ಬಿಟ್ಟವರು ಯಾರಪ್ಪ ಎಂದುಕೊಳ್ಳುತ್ತಲೇ ಅಕ್ಕಯಮ್ಮ ಕೈ ಎತ್ತಿದಳು. ಜಗಲಿಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಅಲ್ಲಿಂದ ಪ್ರತಿ ಭಾನುವಾರವೂ ಇದೇ ಆಯಿತು. ಕೈ ಇಳಿಸಿ ಅವಳು ನೇರ ಕೊಟ್ಟಿಗೆಗೆ ಹೋಗುತ್ತಿದ್ದಳು.

ಒಂದು ಶನಿವಾರ ಸಂಜೆ, ಒಲೆ ಹಚ್ಚುವ ಹೊತ್ತಿಗೆ, ಪಿಳ್ಳಮ್ಮ ಬಂದು ಅವಳ ಪಕ್ಕ ಕುಸಿದು ಕೂತಳು. ಅಣ್ಣನ ಮಗಳು, ಹೋದ ಸುಗ್ಗಿಯಿಂದ ಅವಳೂ ಉಣ್ಣೆ ಕೀಳಲು ಬರುತ್ತಿದ್ದಳು. ಸೀರೆ ಸರಿಸಿ ಮೀನಖಂಡ ತೋರಿಸಿದಳು. ಕೆಂಪಗೆ ಎದ್ದಿತ್ತು. ಅಕ್ಕಯಮ್ಮ ಹಣೆ ಮುಟ್ಟಿದಳು, ಕಾದ ಹೆಂಚಾಗಿತ್ತು.

"ಯಾವಾಗ್ನಿಂದ್ಲೇ?"

"ನಾಕೈದ್ ದಿನ ಆಯ್ತು. ಹೇಳುದ್ರೆ ಬಯ್ತೀಯ ಅಂತ ಸುಮ್ಕಿದ್ದೆ. ಅತ್ತೆ, ನಾಳೆ ಆ ಸಾಮೇರ್ನ ಕೇಳು. ನಂಗೂ ಒಂದ್ ಪೊಟ್ಣ ಎಸೀಲಿ. ನಿನ್ ಜತೆ ನಾನೂ ನಿಂತ್ಕಂಡು ಕೈ ಎತ್ತಿ ತೋರುಸ್ತೀನಿ."

ಸೊಣ್ಣಪ್ಪನ ಯಾವ ಬೈಗುಳವೂ ಹೀಗೆ ತಾಕಿರಲಿಲ್ಲ. "ಥೂ, ಮುಚ್ಚೇ ಬಾಯಿ," ಎಂದು ಅಕ್ಕಯಮ್ಮ ಸೌದೆಯನ್ನು ಒಲೆಗೆ ತುರುಕಿದಳು. ಹುಡುಗಿ ಎಸೀಲಿ ಅಂದಿದ್ದಳು, ಕೊಡ್ಲಿ ಅಂದಿರಲಿಲ್ಲ. ಇಷ್ಟು ಚಿಕ್ಕ ವಯಸ್ಸಿಗೆ ಅದನ್ನು ಕಲಿಸಿದ್ದು ತಾನೇ, ಭಾನುವಾರ ಭಾನುವಾರ ಕೈ ಎತ್ತೆತ್ತಿ.

ಮರುದಿನ ಬಂದವರು ಅಂತಿಂಥವರಲ್ಲ. ಹೊಸೂರಿನ ಕಡೆಯ ಕಾರ್ಖಾನೆಯೊಂದರ ದೊಡ್ಡ ಅಧಿಕಾರಿ, ಅವರ ಹೆಂಡತಿ, ಇನ್ನಷ್ಟು ಜನ. ಕಾರ್ಖಾನೆಯವರನ್ನೆಲ್ಲ ಚಿಕಿತ್ಸೆಗೆ ಇಲ್ಲಿಗೇ ಕಳಿಸುವ ಮಾತು ನಡೆದಿತ್ತು. ಡಾಕ್ಟರರು ಜರಿ ಪಂಚೆ ಉಟ್ಟಿದ್ದರು. ವಾಸಿಯಾದ ಜಲಜಮ್ಮ ಮಂಚ ಬಿಟ್ಟು ಬೆತ್ತದ ಕುರ್ಚಿಯಲ್ಲಿ ಕೂತು, ತಾವು ಬದುಕಿ ಬಂದ ಬಗೆಯನ್ನು ಎಲ್ಲರಿಗೂ ಹೇಳುತ್ತಿದ್ದರು. ಡಾಕ್ಟರರು ಅಧಿಕಾರಿಯ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ನಾಡಿ ನೋಡಿ, "ರಾತ್ರಿ ನಿದ್ದೆ ಕಮ್ಮಿ. ಹೊಟ್ಟೆಯಲ್ಲಿ ಉರಿ," ಎಂದರು. "ಕರೆಕ್ಟ್ ಡಾಕ್ಟರ್!" ಎಂದು ಅಧಿಕಾರಿ ಬೆರಗಾದರು. ಆಮೇಲೆ ಅಕ್ಕಯಮ್ಮನಿಗೆ ಕರೆ ಬಂತು.

ಅಂಗಳದಲ್ಲಿ ತನ್ನ ಜಾಗದಲ್ಲಿ ನಿಂತಳು. ಕೈಕೋಲು ಭುಜದಿಂದ ಮಂಡಿಯವರೆಗೆ ಓಡಾಡಿತು.

"ಎತ್ತೇ ಕೈ."

ಎತ್ತಲಿಲ್ಲ.

"ಎತ್ತೇ ಅಂದ್ರೆ!" ಎಂದು ಹಿಂದಿನಿಂದ ಸೊಣ್ಣಪ್ಪ ಹಲ್ಲು ಕಡಿದ.

ಅಕ್ಕಯಮ್ಮ ಕೈಯನ್ನು ಮುಂದಕ್ಕೆ ಚಾಚಿದಳು. ಅಂಗೈ ಮೇಲಾಗಿ, ಮಣಿಕಟ್ಟು ಡಾಕ್ಟರರ ಕಡೆಗೆ.

"ನಾಡಿ ನೋಡಿ ಸಾಮಿ."

"ಏನಂದೆ?"

"ಆ ಸಾಯೇಬ್ರುದು ಹಿಡ್ದ್ರಲ್ಲ, ಅಂಗೇ ಹಿಡೀರಿ. ನನ್ನ ವಾಸಿ ಮಾಡಿವ್ನಿ ಅಂತ ಎಲ್ರ ಮುಂದೂ ಹೇಳ್ತೀರಿ. ಒಂದ್ಸಲನಾದ್ರೂ ಮುಟ್ಟಿದೀರಾ?"

ಅಧಿಕಾರಿಯ ಹೆಂಡತಿ ತಮಿಳಿನಲ್ಲಿ, ಕೇಳ್ತಾ ಇದ್ದಾಳಲ್ಲ, ನೋಡಿಬಿಡಿ ಡಾಕ್ಟರ್, ಎಂದರು. ಡಾಕ್ಟರರು ಒಂದು ಹೆಜ್ಜೆ ಮುಂದೆ ಬಂದರು. ಆ ಕೈಯನ್ನು ನೋಡಿದರು. ಉಗುರಿನ ಸಂದಿಯಲ್ಲಿ ಕಪ್ಪಾದ ರಕ್ತವಿತ್ತು. ಅವರ ಕೈ ಪಂಚೆಯ ಅಂಚನ್ನು ಹಿಡಿದುಕೊಂಡಿತು.

"ಆಮೇಲೆ ನೋಡೋಣ. ನಂದಿನ್ನೂ ಪೂಜೆ ಆಗಿಲ್ಲ."

"ಮುಟ್ಟಲ್ಲ ಅಲ್ವಾ? ಓಗ್ಲಿ ಬಿಡಿ. ಮಲಗೋದೇ ದೊಡ್ಡ ಮದ್ದು ಅಂದಿದ್ರಿ. ಅದಕ್ಕೆ ನೀವು ಮುಟ್ಟೋದು ಬೇಕಿಲ್ಲ."

ಅಕ್ಕಯಮ್ಮ ಮೆಟ್ಟಿಲು ಹತ್ತಿದಳು. ಅವನ್ನು ಕಟ್ಟುವಾಗ ಕಲ್ಲು ಹೊತ್ತವಳು ಅವಳು, ಕಟ್ಟಿದ ಮೇಲೆ ಹತ್ತಿರಲಿಲ್ಲ. ಮಂಡಿ ಹಿಡಿದುಕೊಂಡು ಒಂದೊಂದಾಗಿ ಹತ್ತಿ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು, ಸಗಣಿ ಮೆತ್ತಿದ ಕಾಲಿನಲ್ಲೇ ಖಾಲಿ ಮಂಚದ ಬಿಳಿ ಹಾಸಿನ ಮೇಲೆ ಮಲಗಿದಳು. ಬೆನ್ನು ನೆಟ್ಟಗಾಗುವಾಗ ಬಾಯಿಂದ ನರಳಿಕೆ ಬಂತು, ಅದನ್ನು ತಡೆಯಲಿಲ್ಲ.

"ಅಯ್ಯಯ್ಯೋ, ಅದು ನನ್ನ ಹಾಸಿಗೆ!" ಎಂದು ಮೊದಲು ಕಿರುಚಿದ್ದು ಜಲಜಮ್ಮ.

"ಸೊಣ್ಣಪ್ಪಾ! ಎಳೆದು ಹಾಕೋ ಆಚೆ!" ಎಂದು ಡಾಕ್ಟರರು ಕೂಗಿದರು.

ಸೊಣ್ಣಪ್ಪ ಒಂದೇ ನೆಗೆತಕ್ಕೆ ಜಗಲಿ ಹತ್ತಿ ಮಂಚದ ಹತ್ತಿರ ಬಂದು, ತಟ್ಟನೆ ನಿಂತ. ಕೂಲಿಯನ್ನು ಮೇಲಿನಿಂದ ಉದುರಿಸಿಯೇ ಅಭ್ಯಾಸವಾದ ಕೈ ಅವನದು. ಕೈಲಿದ್ದ ಕೋಲಿನಿಂದ ಅವಳ ಪಕ್ಕೆಗೆ ತಿವಿದ. ಅಕ್ಕಯಮ್ಮ ಕೋಲಿನ ತುದಿ ಹಿಡಿದುಕೊಂಡಳು.

"ಕೋಲ್ಯಾಕಣ್ಣ? ಕೈ ಹಾಕಿ ಎಳಿ. ಬಾ, ಮುಟ್ಟು."

ಸೊಣ್ಣಪ್ಪ ಕೋಲನ್ನೇ ಬಿಟ್ಟುಬಿಟ್ಟ. "ಸಾಮಿ... ಮುಟ್ಬೇಕಾಯ್ತದೆ," ಎಂದು ತೊದಲಿದ. ಡಾಕ್ಟರರು ಅಡಿಗೆಯವನ ಕಡೆ ನೋಡಿದರು, ಅವನು ಬಾಗಿಲೊಳಗೆ ಸರಿದುಕೊಂಡ. ಅಧಿಕಾರಿ ತಮ್ಮ ಬೂಟನ್ನು ನೋಡುತ್ತಾ ಕೂತರು. ಅಷ್ಟು ಜನರಲ್ಲಿ ಅವಳನ್ನು ಮುಟ್ಟಿ ಎತ್ತುವ ಒಂದು ಜೊತೆ ಕೈ ಇರಲಿಲ್ಲ. ಅಕ್ಕಯಮ್ಮ ಕಣ್ಣು ಮುಚ್ಚಿದಳು. ರೆಪ್ಪೆಯ ಮೇಲೆ ಬಿಸಿಲು ಬೆಚ್ಚಗಿತ್ತು.

"ಅವರೋರನ್ನೇ ಕರ್ಕೊಂಡು ಬಾರೋ! ಅವರೇ ಹೊತ್ಕೊಂಡು ಹೋಗ್ಲಿ!" ಎಂದರು ಡಾಕ್ಟರರು.

ಸೊಣ್ಣಪ್ಪ ಓಡಿಹೋಗಿ ಕೊಟ್ಟಿಗೆಯಿಂದ ಪಿಳ್ಳಮ್ಮನನ್ನು ಅಟ್ಟಿಕೊಂಡು ಬಂದ. ಹುಡುಗಿ ಜ್ವರಕ್ಕೆ ನಡುಗುತ್ತಾ ಅಂಗಳದಲ್ಲಿ ನಿಂತಳು. ಅತ್ತೆ ಎಲ್ಲಿ ಮಲಗಿದ್ದಾಳೆ ಎಂಬುದು ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹತ್ತಮ್ಮ, ಹತ್ತು, ಪರವಾಗಿಲ್ಲ," ಎಂದರು ಡಾಕ್ಟರರು, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ. "ನಿಮ್ಮತ್ತೆಗೆ ತಲೆ ಕೆಟ್ಟಿದೆ. ಎಬ್ಬಿಸಿ ಕರ್ಕೊಂಡು ಹೋಗು. ನಿನಗೂ ಜ್ವರ ಅಲ್ವಾ? ಮಾತ್ರೆ ಕೊಡ್ತೀನಿ. ಕೈಗೇ ಕೊಡ್ತೀನಿ."

ಪಿಳ್ಳಮ್ಮ ಮೆಟ್ಟಿಲು ಹತ್ತಿದಳು. ಯಾರ ಮುಖವನ್ನೂ ನೋಡದೆ ಮಂಚದ ಹತ್ತಿರ ಬಂದು ಬಗ್ಗಿದಳು. ಅಕ್ಕಯಮ್ಮ ಕಣ್ಣು ಬಿಟ್ಟು ಹುಡುಗಿಯನ್ನೇ ನೋಡಿದಳು.

"ಹೂಂ, ಎತ್ತು," ಎಂದರು ಡಾಕ್ಟರರು.

"ಅತ್ತೆ," ಎಂದಳು ಪಿಳ್ಳಮ್ಮ, "ಒಸಿ ಅತ್ಲಾಗೆ ಜರುಗು."

ಅಕ್ಕಯಮ್ಮ ಗೋಡೆಯ ಕಡೆಗೆ ಜರುಗಿದಳು.