ತಾಳ್ಮೆ ಅಂದರೆ ನಾನಂತೆ

ಚಳ್ಳಕೆರೆಯ ಕೈಮಗ್ಗ ಮೇಳಕ್ಕೆ ಇನ್ನೂ ಎಂಟು ದಿನ ಇತ್ತು. ಮೇಳ ನಡೆಸುವವರ ಕಡೆಯ ಗೋವರ್ಧನ ಒಂದು ಬೋರ್ಡು ತಂದು ಮೊಳಕಾಲ್ಮೂರಿನ ನಮ್ಮ ಮನೆಯ ಗೋಡೆಗೆ ಒರಗಿಸಿದ. ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಿತ್ತು. ಮೊದಲನೆಯದರಲ್ಲಿ ಅಪ್ಪನ ಹೆಸರು, ಕೊಟ್ಟೂರಪ್ಪ, ಮಾಸ್ಟರ್ ವೀವರ್ ಎಂದು. ಎರಡನೆಯದರಲ್ಲಿ ನಾನಿದ್ದೆನಂತೆ. ನನ್ನ ಹೆಸರು ಮಾತ್ರ ಇರಲಿಲ್ಲ.

'ಹಿಸ್ ಡಾಟರ್' ಎನ್ನುವವರೆಗೆ ಓದಿಕೊಂಡೆ. ಏಳನೇ ಕ್ಲಾಸಿನ ಇಂಗ್ಲಿಷು ಅಷ್ಟಕ್ಕೆ ಸಾಕಾಯಿತು. ಅದರ ಮುಂದೆ ಒಂದು ಉದ್ದನೆಯ ಪದ, ಕೊನೆಯಲ್ಲಿ ನಮ್ಮ ಊರಿನ ಹೆಸರು. ಹೊರಗಿನವರನ್ನು ಕೇಳುವಷ್ಟು ಬಾಯಿ ನನಗಿಲ್ಲ. ಅಪ್ಪನೇ ಕೇಳಿದ. ನಿಮ್ಮ ಮಗಳನ್ನು ಹೊಗಳಿ ಬರೆದಿದ್ದೇವೆ ಎಂದ ಗೋವರ್ಧನ. ಅಪ್ಪನಿಗೆ ಖುಷಿಯಾಯಿತು, ಚಹಾ ಮಾಡು ಎಂದ. ಚಹಾ ಮಾಡಲು ಮಗ್ಗದಿಂದ ಎದ್ದವಳು ನಾನೇ.

ನಮ್ಮದು ಕುಟ್ಟು ಅಂಚಿನ ರೇಷ್ಮೆ ಸೀರೆ. ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಎರಡು. ಪ್ರತಿ ಎಳೆಗೂ ಅಂಚಿನ ನೂಲು ಒಡಲಿನ ನೂಲನ್ನು ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಅಲ್ಲಿ ಸೀರೆ ಬಾಯಿ ಬಿಡುತ್ತದೆ. ಬಲಗಡೆಯ ಲಾಳಿ ತಳ್ಳಲು ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಅದಕ್ಕೆಂದೇ ಅಪ್ಪ ತೊಂಬತ್ತೆರಡರಲ್ಲಿ ನನ್ನನ್ನು ಶಾಲೆ ಬಿಡಿಸಿದ. ಒಂದೇ ವರ್ಷ ಅಂದಿದ್ದ. ನಾಲ್ಕನೆಯ ವರ್ಷ ಅವನು ಮಗ್ಗದಿಂದ ಎದ್ದು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಹರಟೆಗೆ ಕೂತುಬಿಟ್ಟ. ಅವನ ಜಾಗಕ್ಕೆ ನಾನು ಜರುಗಿದೆ, ನನ್ನ ಜಾಗಕ್ಕೆ ಅವ್ವ ಬಂದಳು. ಅದಾಗಿ ಏಳು ವರ್ಷ. ಅಪ್ಪ ಮತ್ತೆ ಲಾಳಿ ಮುಟ್ಟಿದ್ದನ್ನು ನಾನು ನೋಡಿಲ್ಲ.

ನೇಕಾರರ ಚೀಟಿ ಮಾತ್ರ ಅವನ ಹೆಸರಿನಲ್ಲೇ ಇತ್ತು. ಒಂದು ಮಗ್ಗಕ್ಕೆ ಒಂದೇ ಚೀಟಿ. ಚೀಟಿ ಇದ್ದವರಿಗೇ ಸೊಸೈಟಿಯಲ್ಲಿ ನೂಲು, ಸೀರೆಯ ಜೊತೆ ಹೋಗುವುದೂ ಅವರದೇ ಹೆಸರು. ಈ ಸಲ ಹಳೆಯವನ್ನು ತೆಗೆದು ಹೊಸ ಚೀಟಿಗಳನ್ನು ಮೇಳದಲ್ಲೇ ಬರೆಯುವವರಿದ್ದರು, ಕೈಮಗ್ಗ ಇಲಾಖೆಯ ಸಾಹೇಬರ ಎದುರು ನೇಯ್ದು ತೋರಿಸಿದವರಿಗೆ. ನನ್ನ ಹೆಸರಿಗೆ ಮಾಡಿಸು ಎಂದು ಅಪ್ಪನನ್ನು ಮೂರು ಸಲ ಕೇಳಿದ್ದೆ. ಮೂರನೆಯ ಸಲ ಅವನು ನಕ್ಕ.

"ನಿನ್ ಹೆಸರಿಗೆ ಮಾಡ್ಸಿದ್ರೆ ನಾಳೆ ಮಗ್ಗ ತಲೆ ಮ್ಯಾಲೆ ಹೊತ್ಕಂಡು ಗಂಡನ ಮನಿಗೆ ಹೋಗ್ತೀಯಾ?"

ಅವನ ಲೆಕ್ಕಾಚಾರ ಬೇರೆಯಿತ್ತು. ಸಾಹೇಬರು ಬಂದಾಗ ಅವನು ಮಗ್ಗದಲ್ಲಿ ಕೂತಿರುತ್ತಾನೆ, ಎರಡು ಸಲ ಲಾಳಿ ಆಡಿಸಿ ಕೈ ನೋವು ಎನ್ನುತ್ತಾನೆ. ಮಿಕ್ಕಿದ್ದನ್ನು ನಾನು ನೇಯಬೇಕು. ಚೀಟಿ ಅವನಿಗೆ.

ಬೋರ್ಡಿನ ಎರಡನೆಯ ಸಾಲನ್ನು ಜರಿ ಡಬ್ಬಿಯ ರಟ್ಟಿನ ಮೇಲೆ ಅಕ್ಷರ ಅಕ್ಷರವಾಗಿ ನಕಲು ಮಾಡಿಕೊಂಡು ತಿಪ್ಪೇರುದ್ರ ಮೇಷ್ಟ್ರ ಅಂಗಡಿಗೆ ಹೋದೆ. ನನಗೆ ಇಂಗ್ಲಿಷ್ ಕಲಿಸಿದವರು ಅವರು. ಈಗ ರಿಟೈರಾಗಿ ನೋಟ್‌ಬುಕ್ಕು, ಪೆನ್ನು ಮಾರುತ್ತಾರೆ. ಕನ್ನಡಕ ಏರಿಸಿ ರಟ್ಟನ್ನು ನೋಡಿದರು. ಆ ಉದ್ದನೆಯ ಪದವನ್ನು ಎಪಿಟಮೈಜ್ ಎಂದು ಬಿಡಿಸಿ ಹೇಳಿದರು. ಇಡೀ ಸಾಲಿನ ಅರ್ಥವನ್ನೂ ಹೇಳಿದರು. ಮೊಳಕಾಲ್ಮೂರಿನ ತಾಳ್ಮೆಯೆಲ್ಲ ಇವನ ಮಗಳಲ್ಲಿ ಮೂರ್ತಿಯಾಗಿ ನಿಂತಿದೆ ಎಂದು ಬರೆದಿದ್ದಾರಂತೆ.

"ತಾಳ್ಮೆ ಐತೆ ಅಂತ ಬರ್ದಿದ್ರೆ ಸಾಕಿತ್ತಲ್ರಿ ಸಾ" ಎಂದೆ.

ಅದು ಬೇರೆ, ಇದು ಬೇರೆ ಎಂದರು ಮೇಷ್ಟ್ರು. ತಾಳ್ಮೆ ಇರುವವರು ಊರ ತುಂಬ ಇದ್ದಾರೆ, ಅವರಿಗೆ ಈ ಪದ ಹಾಕುವುದಿಲ್ಲ.

"ತಾಳ್ಮೆ ಕಣ್ಣಿಗೆ ಕಾಣೋ ವಸ್ತು ಅಲ್ಲ ಮಾಲತಿ. ಎಲ್ಲೈತೆ ತೋರ್ಸು ಅಂದ್ರೆ ಏನ್ ತೋರಿಸ್ತೀಯಾ? ಆಗ ಒಬ್ರ ಕಡೆ ಬೆರಳು ಮಾಡಿ, ತಾಳ್ಮೆ ಅಂದ್ರೆ ಇಗಾ ಇವಳು ಅಂತೀವಿ. ಆ ಬೆರಳು ಮಾಡೋ ಕೆಲ್ಸ ಈ ಪದದ್ದು."

ಒಳ್ಳೆಯ ಗುಣಕ್ಕೆ ಮಾತ್ರವೇ ಎಂದು ಕೇಳಿದೆ. ಅಲ್ಲ ಎಂದರು. ದುರಾಸೆಗೂ ಬಳಸಬಹುದು, ಸೋಮಾರಿತನಕ್ಕೂ ಬಳಸಬಹುದು. ಆದರೆ ಒಂದು ದಿನ ಸೋಮಾರಿಯಾಗಿದ್ದವನಿಗೆ ಹೇಳಲಾಗದು, ನೋಡಿದ ಕೂಡಲೇ ಸೋಮಾರಿತನವೇ ನೆನಪಾಗುವಂಥವನಿಗೆ ಮಾತ್ರ. ನನ್ನ ಕಣ್ಣ ಮುಂದೆ ಬಸ್ ಸ್ಟ್ಯಾಂಡಿನ ಹೋಟೆಲು ಬಂತು.

"ಬೆರಳು ಮಾಡೋಕ್ ಮುಂಚೆ ಅವರನ್ನ ಕೇಳ್ತಾರಾ ಸಾ?"

ಮೇಷ್ಟ್ರು ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನನ್ನು ಶಾಲೆ ಬಿಡಿಸಿದಾಗ ಮನೆಗೆ ಬಂದು ಅಪ್ಪನ ಜೊತೆ ಒಂದು ಗಂಟೆ ವಾದ ಮಾಡಿ ಸೋತು ಹೋದವರು ಅವರು.

"ಅದು ಈ ಪದದಾಗೆ ಇಲ್ಲಮ್ಮ" ಎಂದರು.

ರಟ್ಟನ್ನು ಇಸಿದುಕೊಂಡು ಮನೆಯ ದಾರಿ ಹಿಡಿದೆ. ತಾಳ್ಮೆಯಂತೆ. ಹನ್ನೊಂದು ವರ್ಷದಿಂದ ನನ್ನ ಎದೆಯಲ್ಲಿ ಇದ್ದದ್ದು ತಾಳ್ಮೆಯಲ್ಲ, ಸಿಟ್ಟು. ವಾರಿಗೆಯ ಹುಡುಗಿಯರು ಹೈಸ್ಕೂಲಿನ ಲಂಗ ಹಾಕಿಕೊಂಡು ಕಿಟಕಿಯ ಮುಂದೆ ಹಾದು ಹೋದಾಗ ಸಿಟ್ಟು. ಅಪ್ಪ ನಾನು ನೇಯ್ದ ಸೀರೆಯನ್ನು ಬಗಲಲ್ಲಿ ಇಟ್ಟುಕೊಂಡು ಸೊಸೈಟಿಗೆ ಹೋಗಿ, ಈ ಸಲದ ಅಂಚು ಹೆಂಗೆ ಬಂದೈತೆ ನೋಡ್ರಿ ಎನ್ನುವಾಗ ಸಿಟ್ಟು. ಬಾಯಿ ತೆಗೆಯಲಿಲ್ಲ ಅಷ್ಟೆ. ಮುಚ್ಚಿದ ಬಾಯಿಯನ್ನು ನೋಡಿ ಅದಕ್ಕೆ ಒಂದು ಒಳ್ಳೆಯ ಹೆಸರು ಕೊಟ್ಟು, ಬಣ್ಣದಲ್ಲಿ ಬರೆಸಿ, ಅಪ್ಪನ ಹೆಸರಿನ ಕೆಳಗೆ ಇಟ್ಟಿದ್ದರು.

ಮೇಳದ ದಿನ ಚಳ್ಳಕೆರೆಯ ಕಲ್ಯಾಣ ಮಂಟಪದಲ್ಲಿ ಜನವೋ ಜನ. ಎಣ್ಣೆ ಮಿಲ್ಲಿನವರ ಮನೆಯ ಹೆಂಗಸರು ಸೀರೆ ಹಿಡಿದು ಹಿಡಿದು ನೋಡುತ್ತಿದ್ದರು. ನಡುವೆ ಮಗ್ಗ ಹೂಡಿದ್ದರು, ನಾನೇ ಅರ್ಧ ನೇಯ್ದ ಸೀರೆ ಅದರ ಮೇಲಿತ್ತು. ಅಪ್ಪ ಇಸ್ತ್ರಿ ಅಂಗಿ ಹಾಕಿ ಮಗ್ಗದಲ್ಲಿ ಕೂತ, ಅವ್ವ ಬಲಕ್ಕೆ. ಗೋವರ್ಧನ ನನ್ನನ್ನು ಬೋರ್ಡಿನ ಪಕ್ಕ ನಿಲ್ಲಿಸಿದ.

ಚೀಟಿ ಬರೆಯುವ ಸಾಹೇಬರು ಫಾರಂ ಹಿಡಿದು ಬಂದು, ನೇಯ್ರಿ ನೋಡೋಣ ಎಂದರು. ಅಪ್ಪ ಎರಡು ಎಳೆ ಹಾಕಿದ. ಮಣಿಕಟ್ಟು ಹಿಡಿದುಕೊಂಡು ಮುಖ ಕಿವುಚಿದ.

"ಕೈ ಉಳುಕೈತೆ ಸಾಹೇಬ್ರೆ. ಮಾಲತಿ, ಬಾರವ್ವ, ಸ್ವಲ್ಪ ಕೂರು."

ಅವ್ವ ಎಂದು ಅವನು ನನ್ನನ್ನು ಕರೆದದ್ದು ಎಷ್ಟು ವರ್ಷಕ್ಕೆ ಎಂದು ಯೋಚಿಸಿದೆ. ಕಾಲು ಅಲುಗಿಸಲಿಲ್ಲ. ಅವನು ಮತ್ತೆ ಕರೆದ. ಸಾಹೇಬರು ಬೋರ್ಡು ಓದಿ, ನನ್ನ ಕಡೆ ನೋಡಿ, ತಾಳ್ಮೆಗೆ ಹೆಸರಾದವಳು ನೀನೇನಾ ಎಂದು ನಗುತ್ತ ಕೇಳಿದರು. ಈ ಸಲ ಬಾಯಿ ತೆಗೆದೆ.

"ಹೌದ್ರಿ. ಅದಕ್ಕೇ ನಿಂತೀನಿ. ನೇಯೋರು ನಮ್ಮಪ್ಪ ಅಂತ ಅದರಾಗೇ ಬರ್ದಾರೆ. ಅವರೇ ನೇಯ್ಲಿ."

ಅಪ್ಪ ನನ್ನನ್ನು ದುರುಗುಟ್ಟಿ ನೋಡಿದ, ಮನೆಯಲ್ಲಾಗಿದ್ದರೆ ಕತೆ ಬೇರೆಯೇ ಆಗುತ್ತಿತ್ತು. ಅಲ್ಲಿ ಅವನು ನೇಯಲೇಬೇಕಾಯಿತು. ಕಾಲು ಒಂದು ಕಡೆ, ಕೈ ಒಂದು ಕಡೆ. ಆರು ಎಳೆ ಆಗುವಷ್ಟರಲ್ಲಿ ಎಡಗಡೆ ಅಂಚು ಒಡಲನ್ನು ಬಿಟ್ಟುಕೊಟ್ಟಿತು. ಏಳನೆಯದಕ್ಕೆ ಅವ್ವ ಬಲಗಡೆಯ ಲಾಳಿ ತಳ್ಳಲಿಲ್ಲ. ಅದನ್ನು ಮಡಿಲಲ್ಲಿ ಇಟ್ಟುಕೊಂಡು ತಲೆ ಬಗ್ಗಿಸಿ ಕೂತಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ.

ಸಾಹೇಬರು ಬಗ್ಗಿ, ಬಿಟ್ಟ ಬಾಯಿಗೆ ಕಿರುಬೆರಳು ತೂರಿಸಿ ನೋಡಿದರು. ಅದರ ಕೆಳಗಿನ ನನ್ನ ನೇಯ್ಗೆಯ ಮೇಲೆ ಬೆರಳಾಡಿಸಿದರು.

"ಇದನ್ನ ನೇಯ್ದೋರು ಯಾರು?"

ಅಪ್ಪ ಮತ್ತೆ ಮಣಿಕಟ್ಟು ಹಿಡಿದುಕೊಂಡ. ಅವ್ವ ಮಡಿಲಿನ ಲಾಳಿಯನ್ನು ಎತ್ತಿ ನನ್ನ ಕಡೆ ಮಾಡಿದಳು.

ಅಪ್ಪ ಎದ್ದ ಜಾಗದಲ್ಲಿ ಕೂತೆ. ಅವನು ಹಾಕಿದ ಎಳೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದೆ. ನಿಧಾನವಾಗಿಯೇ ಬಿಚ್ಚಿದೆ, ಎಲ್ಲರೂ ನೋಡಲಿ ಎಂದು. ಆಮೇಲೆ ಒಂದು ಗೇಣು ನೇಯ್ದೆ. ಸಾಹೇಬರು ಫಾರಮ್ಮಿನಲ್ಲಿ ಬರೆದಿದ್ದ ಹೆಸರು ಹೊಡೆದು ಹಾಕಿ ನನ್ನ ಹೆಸರು ಕೇಳಿದರು. ಅವರಿಗೆ ಕೇಳಿಸಲಿಲ್ಲವೇನೋ ಎಂದು ಎರಡು ಸಲ ಹೇಳಿದೆ.

ಗೋವರ್ಧನ ಬಂದು, ಬೋರ್ಡಿನಲ್ಲಿ ನನ್ನ ಹೆಸರು ಸೇರಿಸಿ ಆ ಸಾಲನ್ನು ಹಾಗೇ ಇಡಲೇ ಎಂದು ಕೇಳಿದ. ಹೆಸರು ಬರೆಯಿರಿ, ಆ ಪದ ಬೇಡ ಎಂದೆ.

ಬಸ್ಸಿನಲ್ಲಿ ಅಪ್ಪ ನಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದ. ಬಸ್ಸು ತಳಕು ದಾಟಿದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದ.

"ಅಷ್ಟು ಜನದ ಮುಂದೆ ನನ್ನ ಮಾನ ಕಳೆದೆ. ಇನ್ನೊಂಚೂರು ತಾಳ್ಕಳಾಕೆ ಆಗ್ಲಿಲ್ವಾ ನಿನಗೆ?"

"ಇಲ್ಲ" ಎಂದೆ. ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವನು ಪಡಸಾಲೆಯಿಂದ ಚಹಾ ಎಂದು ಕೂಗಿದಾಗ ನಾವಿಬ್ಬರೂ ಮಗ್ಗದಲ್ಲಿದ್ದೆವು. ಮತ್ತೊಮ್ಮೆ ಕೂಗಿದ. ಅವ್ವ ನನ್ನ ಮುಖ ನೋಡಿದಳು. ನಾನು ಲಾಳಿ ತಳ್ಳಿದೆ, ಅವಳೂ ತಳ್ಳಿದಳು.