ಗೋಪುರದಲ್ಲಿ ನಾಲ್ಕೂಕಾಲು

ಗಿಡಮರ ಚಿಗುರಿದ್ದೇ ತಡ, ಗಂಡ ಪ್ರತಿ ಭಾನುವಾರ ಹಳೇ ಕೋಟೆ ಸುತ್ತಲು ಹೊರಡತೊಡಗಿದ. ಗಡಿಯಾರ ರಿಪೇರಿ ಮಾಡುವ ಹೆಂಡತಿಗೆ ಅಂಗಡಿ ಬಿಟ್ಟೇಳಲು ಪುರುಸೊತ್ತಿಲ್ಲ. ಸಂಜೆ ಅವನು ತೋರಿಸುವ ಫೋಟೋ ನೋಡುವಳು. ಮೂರನೆಯ ವಾರ ಅವಳು ಮೂರೂ ವಾರದ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಮೂರು ಫೋಟೋಗಳಲ್ಲೂ ಅವನ ಹಿಂದಿನ ಗೋಪುರದ ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಎಲ್ಲವನ್ನೂ ಒಂದೇ ದಿನ ತೆಗೆಸಿದ್ದಾನೆ. ಅಂಗಿ ಬದಲಾಯಿಸಿದ ಜಾಣ, ಗಡಿಯಾರದ ಮುಳ್ಳು ಮರೆತಿದ್ದಾನೆ. ಹಾಗಾದರೆ ಉಳಿದ ಭಾನುವಾರ ಎಲ್ಲಿದ್ದ?

ಮುಂದಿನ ವಾರ ಅಂಗಡಿಗೆ ಬೀಗ ಜಡಿದು ಅವನ ಬೆನ್ನು ಹತ್ತಿದಳು. ಅವನು ನೆಟ್ಟಗೆ ಕೋಟೆಗೇ ಹೋಗಿ, ಗೋಪುರದ ಬುಡದಲ್ಲಿ ಹುಲ್ಲಿನ ಮೇಲೆ ಕಾಲು ಚಾಚಿ ಕೂತ. ಅವಳು ತಲೆ ಎತ್ತಿದಳು. ಅಲ್ಲಿ ನಾಲ್ಕೂಕಾಲು, ಅವಳ ಕೈಗಡಿಯಾರದಲ್ಲಿ ಹನ್ನೊಂದು.

“ಇದು ನಿಂತು ಎಷ್ಟು ದಿನ ಆಯ್ತು ರೀ?”

“ಆರು ವರ್ಷ,” ಎಂದ ಗಂಡ, ಪಕ್ಕಕ್ಕೆ ಸರಿದು ಜಾಗ ಮಾಡುತ್ತ. “ಊರಿಗೆಲ್ಲ ಗೊತ್ತು. ನೀನು ತಲೆ ಎತ್ತಿದ್ದು ಇವತ್ತೇ ಕಣೇ.”