ಹೆಬ್ಬೆರಳಿನ ಅಳತೆ

ಹಾಸಿಗೆ ಹೊಲಿಯುವ ಗಂಡನಿಗೆ ಹಸಿ ಸೊಪ್ಪೆಂದರೆ ಪ್ರಾಣ. ಆದರೆ ಹೃದಯದ ಕವಾಟ ಬದಲಿಸಿದ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟ ಮಾತ್ರೆಗೂ ಸೊಪ್ಪಿಗೂ ಎಣ್ಣೆ ಸೀಗೆಕಾಯಿ. ಪೂರ್ತಿ ಬಿಡುವುದೇನೂ ಬೇಡ, ದಿನವೂ ಒಂದೇ ತೂಕ, ಮೂವತ್ತು ಗ್ರಾಂ ಮಾತ್ರ ತಿನ್ನಲಿ ಎಂದಿದ್ದರು ಡಾಕ್ಟರಮ್ಮ. ಹೆಚ್ಚಾದರೆ ಮಾತ್ರೆಯ ಬಲ ಕುಗ್ಗಿ ಜೀವಕ್ಕೇ ಕುತ್ತು.

ಹೆಂಡತಿ ಬೇಕರಿಯಲ್ಲಿ ಹಿಟ್ಟು ತೂಗಿ ನಾದುವವಳು. ಅವಳು ಮನೆಗೆ ಬರುವುದು ಸಂಜೆಗೆ, ಹಾಗಾಗಿ ಮಧ್ಯಾಹ್ನದ ಊಟ ಅವನೇ ಬಡಿಸಿಕೊಳ್ಳಬೇಕು. ತಕ್ಕಡಿಯ ಪುಟ್ಟ ಅಂಕಿಗಳು ಅವನ ಕಣ್ಣಿಗೆ ಕಾಣವು. ಒಂದು ರಜೆಯ ದಿನ ಅವಳು ಲೆಟ್ಯೂಸ್, ಪಾಲಕ್ ಎಲೆಗಳನ್ನು ತೊಳೆದು, ನೀರು ಒರೆಸಿ, ಹರಿದು, ತೂಗಿ, ಬಿಳಿ ಬಟ್ಟಲಿಗೆ ಸುರಿದಳು. ಮೂವತ್ತು ಗ್ರಾಂಗೆ ಬಟ್ಟಲು ಸರಿಯಾಗಿ ತುಂಬಿತು. ದಿನಕ್ಕೊಂದು ಬಟ್ಟಲು ಎಂದು ಹೇಳಿ ನಿಶ್ಚಿಂತೆಯಾದಳು.

ಮುಂದಿನ ರಕ್ತಪರೀಕ್ಷೆಯಲ್ಲಿ ಮಾತ್ರೆಯ ಬಲ ಕುಗ್ಗಿದ್ದು ಕಂಡು ಎಲ್ಲ ತಲೆಕೆಳಗಾಯಿತು. ಕದ್ದು ತಿನ್ನುತ್ತಿದ್ದಾನೆಂದು ಅವಳು ಹರಿಹಾಯ್ದಳು. ಒಂದೇ ಬಟ್ಟಲು, ಒಂದೆಲೆ ಹೆಚ್ಚಿಲ್ಲ ಎಂದು ಅವನು ಆಣೆ ಇಟ್ಟ. ಅವಳು ನಂಬಲಿಲ್ಲ. ಎರಡು ದಿನ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಕೊನೆಗೆ ಸೋತವನು ಅವನೇ. "ಹೋಗಲಿ ಬಿಡೇ, ಸೊಪ್ಪೇ ಬಿಟ್ಟುಬಿಡ್ತೀನಿ" ಎಂದ.

ಆ ಮಾತು ಅವಳ ಕರುಳಿಗೆ ನಾಟಿತು. ಉಪ್ಪು ಬಿಟ್ಟಿದ್ದ, ಸೈಕಲ್ ಬಿಟ್ಟಿದ್ದ, ಇನ್ನು ಇದೂ ಹೋದರೆ ಅವನಿಗೆ ಉಳಿಯುವುದೇನು? ಏನಾದರಾಗಲಿ, ಇದರ ಬುಡ ಕಂಡೇ ತೀರುವೆನೆಂದು ರಜೆ ಹಾಕಿ ಅಡುಗೆಮನೆಯಲ್ಲಿ ಕೂತಳು.

ಅವನು ಬಟ್ಟಲು ತೆಗೆದುಕೊಂಡ. ಎಲೆ ಹಾಕಿದ, ಹೆಬ್ಬೆರಳಿನಿಂದ ಅಡಿಗೆ ಒತ್ತಿದ, ಅಂಚಿಗೆ ತುರುಕಿದ, ಮತ್ತೆ ಹಾಕಿದ, ಮತ್ತೆ ಒತ್ತಿದ. ದಿಂಬಿಗೆ ಹತ್ತಿ ತುಂಬುವ ಕೈ ಅದು. ಬಟ್ಟಲನ್ನು ಕಸಿದು ತೂಗಿದರೆ ಎಪ್ಪತ್ತರ ಮೇಲಿತ್ತು. ಅವಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

"ಅಂಚು ಖಾಲಿ ಬಿಟ್ರೆ ತುಂಬಿದ ಹಾಗೆ ಹೇಗಾಗತ್ತೆ?" ಎಂದು ಅವನು ಕೇಳಿದ. "ನಾನು ತುಂಬಿದ ದಿಂಬು ಯಾವತ್ತಾದ್ರೂ ಜೊಳ್ಳಾಗಿದೆಯಾ?"

ಒತ್ತಬೇಡಿ ಎಂದು ಹೇಳಿ ನೋಡಿದಳು. ನಾಲ್ಕು ಎಲೆ ಹಗುರಾಗಿ ಬಿದ್ದವು, ಐದನೆಯದಕ್ಕೆ ಹೆಬ್ಬೆರಳು ತಾನಾಗಿ ಬಟ್ಟಲೊಳಗೆ ಇಳಿಯಿತು. ಇಷ್ಟು ವರ್ಷದ ಕೈಯನ್ನು ತಿದ್ದುವುದಕ್ಕಿಂತ ಪಾತ್ರೆ ಬದಲಿಸುವುದೇ ಸುಲಭ ಎನಿಸಿತು. ಮನೆಯಲ್ಲಿದ್ದ ಬಟ್ಟಲು, ಲೋಟ, ಡಬ್ಬಿ ಎಲ್ಲ ಕೆಳಗಿಳಿದವು. ಅವನು ತುಂಬುತ್ತಾ ಹೋದ, ಅವಳು ತೂಗುತ್ತಾ ಹೋದಳು. ಸಂಜೆಯ ಹೊತ್ತಿಗೆ ಒಂದು ಚಿಕ್ಕ ಸ್ಟೀಲ್ ಲೋಟ ಮೂವತ್ತಕ್ಕೆ ನಿಂತಿತು. ಮತ್ತೆ ಮತ್ತೆ ತುಂಬಿಸಿದಳು, ಒಂದೆಲೆಯಷ್ಟೂ ಅಳತೆ ಕದಲಲಿಲ್ಲ.

ಆಮೇಲಿನ ಪರೀಕ್ಷೆಯಲ್ಲಿ ರಕ್ತ ಹದಕ್ಕೆ ಬಂದಿತ್ತು. ಅನುಮಾನಪಟ್ಟದ್ದಕ್ಕೆ ಅವಳಿಗೆ ಇನ್ನೂ ನಾಚಿಕೆಯಿತ್ತು. ಮರುದಿನ ರಜೆ, ಅವನಿಗೆ ತಾನೇ ಬಡಿಸೋಣವೆಂದು ಲೋಟಕ್ಕೆ ಬಲ ಹಾಕಿ ಎಲೆ ತುರುಕಿದಳು. ತೂಗಿದರೆ ಇಪ್ಪತ್ತೊಂದು. ಇನ್ನಷ್ಟು ಒತ್ತಿದಳು, ಕೈ ತೆಗೆದರೆ ಎಲೆಗಳೆಲ್ಲ ಮತ್ತೆ ಮೇಲೆ ಉಬ್ಬಿದವು.

ಲೋಟ ಬರಿದು ಮಾಡಿ ಅವನನ್ನು ಕೂಗಿದಳು. "ಇದಕ್ಕೆ ನಿಮ್ಮ ಕೈಯೇ ಬೇಕು ರೀ" ಎಂದಳು. ಲೋಟವನ್ನು ಅವನ ಕಡೆ ಸರಿಸಿದಳು. "ನನಗೂ ಬೇಕು. ಇನ್ನೂ ತುಂಬಾ ವರ್ಷ ಬೇಕು."

 ಅವನು ಕೈ ತೊಳೆದುಕೊಂಡು ಬಂದು ಅವಳ ಪಕ್ಕದಲ್ಲಿ ನಿಂತ.